ಮಗಳಿಗೆ ಫ್ಲೈ ಬೀಸೋಕೆ ಬರದಿದ್ರೂ ಮೀನು ಹಿಡಿಯೋಕೆ ಕರ್ಕೊಂಡು ಹೋಗಿ

8 ವರ್ಷದ ಮಗಳಿಗೆ ಫ್ಲೈ ರಾಡ್ (ಫ್ಲೈ ಅಂದ್ರೆ ಹುಳದ ಹಾಗೆ ಕಾಣೋ ಹಗುರ ಗಾಳ, ಅದನ್ನು ಬೀಸಿ ಎಸೆಯೋ ಕೋಲು) ಬೀಸೋಕೆ ಬರಲ್ಲ, ಮೀನು ಹಿಡಿಯೋಕೆ 3,000 ಮೀಟರ್ ಎತ್ತರದ ಸರೋವರಕ್ಕೆ ಕರ್ಕೊಂಡು ಹೋದ್ರೆ ಬೇಜಾರಾಗ್ತಾಳಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಅವಳಿಗೆ ಮಾಮೂಲಿ ಸ್ಪಿನ್ನಿಂಗ್ ರಾಡ್ (ದಾರ ಸುತ್ತೋ ರೀಲ್ ಇರೋ ಗಾಳದ ಕೋಲು) ಕೊಡಿ. ದಾರಕ್ಕೆ ನೀರಲ್ಲಿ ತೇಲೋ, ಟೊಳ್ಳಾದ ಪಾರದರ್ಶಕ ಪ್ಲಾಸ್ಟಿಕ್ ಬುರುಡೆ ಕಟ್ಟಿ, ಅರ್ಧ ನೀರು ತುಂಬಿಸಿ, ಅದರಿಂದ ನಾಲ್ಕೈದು ಅಡಿ ಆಚೆಗೆ ಫ್ಲೈ ಕಟ್ಟಿ. ಬುರುಡೆಯ ಭಾರಕ್ಕೇ ಫ್ಲೈ ದೂರ ಹೋಗುತ್ತೆ. ಆಮೇಲೆ ನಿಧಾನವಾಗಿ ಸುತ್ತಿಕೊಂಡರಾಯ್ತು.

ಮಕ್ಕಳು ಹೋದ ತಕ್ಷಣ ನೀರಿಗೆ ಓಡ್ತಾರೆ, ಅದನ್ನೊಂದು ತಡೀರಿ. ಟ್ರೌಟ್ ಮೀನುಗಳು ಎಷ್ಟೋ ಸಲ ದಡದಿಂದ ಎರಡು ಮಾರು ದೂರದಲ್ಲೇ ತಿರುಗ್ತಿರುತ್ತವೆ. ಹತ್ತು ಹೆಜ್ಜೆ ಹಿಂದೆ ಕೂತು ನೋಡೋಕೆ ಹೇಳಿ: ಕಲ್ಲುಗಳ ಮೇಲೆ ಮೊದಲು ನೆರಳು ಜಾರುತ್ತೆ, ಮೀನು ಆಮೇಲೆ ಕಾಣುತ್ತೆ. ನನ್ನ ಪ್ರಕಾರ ಮೀನು ಹಿಡಿಯೋದಕ್ಕಿಂತ ಆ ಕ್ಷಣವೇ ಮಕ್ಕಳಿಗೆ ಹೆಚ್ಚು ನೆನಪಿರುತ್ತೆ. ತೊರೆ ಬಂದು ಸೇರೋ ಜಾಗ ಸಿಕ್ಕರೆ ಅಲ್ಲೇ ಶುರು ಮಾಡಿ.

ಕೊಕ್ಕೆಯ ತುದಿ ಹತ್ತಿರ ಹಿಂದಕ್ಕೆ ಚಾಚಿರೋ ಚಿಕ್ಕ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತೆ. ಮೀನನ್ನು ವಾಪಸ್ ಬಿಡೋದಾದರೆ ಒದ್ದೆ ಕೈಯಲ್ಲೇ ಮುಟ್ಟಲಿ, ಒಣಗೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತೆ.

ಎತ್ತರಕ್ಕೆ ಮೈ ಒಗ್ಗಲಿ ಅಂತ ಹಿಂದಿನ ರಾತ್ರಿ 2,500 ಮೀಟರ್ ಆಸುಪಾಸಿನಲ್ಲಿ ಮಲಗಿ, ಬೆಳಗ್ಗೆ ಬೇಗ ಹತ್ತಿ. ತಲೆನೋವು, ವಾಂತಿ ಬಂತೋ, ಮೀನು ಎಷ್ಟೇ ಕಚ್ಚುತ್ತಿರಲಿ, ಕೆಳಗಿಳಿಯಿರಿ. ಗುಡುಗು ಕೇಳಿಸಿದರೆ ರಾಡ್ ಕೆಳಗಿಟ್ಟು ನೀರಿನಿಂದ ದೂರ ಹೋಗಿ, ಗ್ರಾಫೈಟ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತೆ.