ಸ್ನೇಹದ ಮಾತು ತೆಗೆದುಹಾಕಿ, ಪಂಕ್ಚರ್ ಹಾಕಿಸಿ

(ಹೊಸದುರ್ಗ ತಾಲ್ಲೂಕಿನ ಹೈಸ್ಕೂಲ್ ಮೇಷ್ಟ್ರೊಬ್ಬರ ಪತ್ರದ ಸಾರ: 2022ರಲ್ಲಿ ವಾಣಿವಿಲಾಸ ಸಾಗರ ಅಣೆಕಟ್ಟೆ ಕೋಡಿ ಬಿದ್ದಾಗ, ಮನೆಯಲ್ಲಿ ಹೇಳದೆ ಅದನ್ನು ನೋಡಲು ಸೈಕಲ್ ಹತ್ತಿ ಹೊರಟ ಏಳನೇ ತರಗತಿಯ ಮೂವರು ಮಕ್ಕಳ ಕತೆಯನ್ನು ಇಪ್ಪತ್ತು ನಿಮಿಷದ ಕಿರುಚಿತ್ರ ಮಾಡಬೇಕೆಂದಿದ್ದೇವೆ. ಊರಿನ ಹುಡುಗರು ಮೊಬೈಲ್‌ನಲ್ಲೇ ಚಿತ್ರೀಕರಿಸುತ್ತಾರೆ. ಬರುವ ಬೇಸಿಗೆ ರಜೆಗೆ ಶುರು ಮಾಡುವ ಯೋಚನೆ. ಪ್ರಯೋಗಕ್ಕೆ ಎರಡು ದೃಶ್ಯ ತೆಗೆದು ನೋಡಿದರೆ ಮಕ್ಕಳು ವಾರ್ಷಿಕೋತ್ಸವದ ನಾಟಕದಂತೆ ಮಾತು ಒಪ್ಪಿಸುತ್ತಿದ್ದಾರೆ. ಸ್ನೇಹದ ಬಗ್ಗೆ ಎಷ್ಟು ಬರೆದರೂ ಸ್ನೇಹ ಕಾಣುತ್ತಿಲ್ಲ. ಎಲ್ಲಿ ತಪ್ಪಿದ್ದೇವೆ? ಸ್ಕ್ರಿಪ್ಟ್ ಲಗತ್ತಿಸಿದ್ದೇನೆ.)

ಪ್ರಿಯ ಮೇಷ್ಟ್ರೇ,

ನಿಮ್ಮ 34 ಪುಟ ಓದಿದೆವು, ಎರಡೂ ದೃಶ್ಯ ನೋಡಿದೆವು. ಮಕ್ಕಳದ್ದೇನೂ ತಪ್ಪಿಲ್ಲ. ಅವರ ಬಾಯಿಗೆ ಕೆಲಸ ಕೊಟ್ಟಿದ್ದೀರಿ, ಕೈ ಖಾಲಿ ಬಿಟ್ಟಿದ್ದೀರಿ. ಹನ್ನೆರಡು ವರ್ಷದ ಹುಡುಗರು "ನಮ್ಮ ಸ್ನೇಹ ಎಂದೆಂದಿಗೂ ಹೀಗೇ ಇರಲಿ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಒಬ್ಬ ಸೈಕಲ್ ಎತ್ತಿ ಹಿಡಿದಿರುತ್ತಾನೆ, ಇನ್ನೊಬ್ಬ ಚೈನ್ ಹಾಕುತ್ತಿರುತ್ತಾನೆ, ಪಕ್ಕದಲ್ಲಿ ನಿಂತವಳು ಇಬ್ಬರನ್ನೂ ಬೈಯುತ್ತಿರುತ್ತಾಳೆ. ನೋಡುವವರಿಗೆ ಸ್ನೇಹ ಗೊತ್ತಾಗಲು ಅಷ್ಟು ಸಾಕು.

11ನೇ ಪುಟದ ಹುಣಸೆಮರದ ದೃಶ್ಯವನ್ನೇ ತೆಗೆದುಕೊಳ್ಳಿ. ಮಂಜ, ತಿಪ್ಪೇಶ, ರೇಣುಕ ಮೂವರೂ ಸಾಲಾಗಿ ಕೂತು ಎರಡೂವರೆ ಪುಟ ಮಾತಾಡುತ್ತಾರೆ. ಅದನ್ನು ಪೂರ್ತಿ ಹೊಡೆದುಹಾಕಿ ಅಲ್ಲಿ ಒಂದು ಪಂಕ್ಚರ್ ಹಾಕಿಸಿ. ಸೈಕಲ್ ರೇಣುಕಳ ಅಕ್ಕನಿಗೆ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟದ್ದು ಎಂದು ನೀವೇ ಬರೆದಿದ್ದೀರಿ. ಹಳೇ ಟ್ಯೂಬ್ ಅಂದಮೇಲೆ ಪಂಕ್ಚರ್ ಸಹಜ. ಚಮಚದ ಹಿಡಿಯಿಂದ ಟಯರ್ ಬಿಡಿಸುವುದು, ಟ್ಯೂಬ್ ಎಳೆದು ಗಾಳಿ ಹೊಡೆಯುವುದು, ಬೋಗುಣಿ ನೀರಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕುವುದು, ಆ ಜಾಗ ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚುವುದು. ಹಚ್ಚಿದ ಮೇಲೆ ನಾಲ್ಕೈದು ನಿಮಿಷ ಬಿಡಬೇಕು. ಬೆರಳಿಗೆ ಅಂಟಿಯೂ ಅಂಟದಂತೆ ಒಣಗಿದ ಮೇಲೆ ಪ್ಯಾಚ್ ಒತ್ತಬೇಕು. ಹಸಿ ಇರುವಾಗಲೇ ಒತ್ತಿದರೆ ಪ್ಯಾಚ್ ಜಾರುತ್ತದೆ, ಬಿಸಿಲಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಏಳುತ್ತದೆ. ಮಂಜನಿಗೆ ಆತುರ, ಹಸಿಯಲ್ಲೇ ಒತ್ತುತ್ತಾನೆ. ತಿಪ್ಪೇಶನಿಗೆ ಗೊತ್ತಾಗುತ್ತದೆ, ಸುಮ್ಮನಿರುತ್ತಾನೆ. 19ನೇ ಪುಟದಲ್ಲಿ ಯಾಕೆ ಜಗಳ ಬಂತೆಂದೇ ತಿಳಿಯದ ಆ ಜಗಳಕ್ಕೆ ಈಗ ಕಾರಣ ಸಿಕ್ಕಿತು: ದಾರಿ ಮಧ್ಯೆ ಗಾಳಿ ಹೋಗುತ್ತದೆ, "ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಎಂಬ ಪ್ರಶ್ನೆ ಬರುತ್ತದೆ.

ತಿಪ್ಪೇಶ ಯಾಕೆ ಹೇಳಲಿಲ್ಲ ಎಂಬುದು ನಿಮ್ಮ 23ನೇ ಪುಟದಲ್ಲಿದೆ. "ತಿಪ್ಪೇಶನ ದೊಡ್ಡಪ್ಪನ ತೋಟ ಹಿನ್ನೀರಲ್ಲಿ ಮುಳುಗಿತ್ತು" ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಮೇಷ್ಟ್ರೇ, ನಿಮ್ಮ ಸಿನಿಮಾ ಇರುವುದೇ ಆ ಸಾಲಿನಲ್ಲಿ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟೆ 1933ರಲ್ಲೊಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲೇ, 89 ವರ್ಷಕ್ಕೆ. ಹಿರಿಯೂರಿನ ಕಡೆ ಜನ ಬಾಗಿನ ಕೊಟ್ಟು ಸಂಭ್ರಮಿಸಿದರು. ಅದೇ ನೀರು ಹಿಂದಕ್ಕೆ ಒತ್ತಿ ನಿಮ್ಮ ತಾಲ್ಲೂಕಿನ ಹೊಲ, ತೋಟಗಳಿಗೆ ನುಗ್ಗಿತು. ಇಬ್ಬರು ಕುಣಿಯುತ್ತಾ ಹೋಗುತ್ತಿರುವ ಜಾಗಕ್ಕೆ ಮೂರನೆಯವನು ತನ್ನ ಮನೆಯ ನಷ್ಟ ಮುಚ್ಚಿಟ್ಟುಕೊಂಡು ಹೋಗುತ್ತಿದ್ದಾನೆ. ಹೇಳಿದರೆ ಅವರ ಖುಷಿ ಹಾಳಾಗುತ್ತದೆ, ಹೇಳದಿದ್ದರೆ ತಾನೊಬ್ಬನೇ ಆಗುತ್ತಾನೆ. ಸೈಕಲ್ ಅರ್ಧದಲ್ಲೇ ನಿಂತರೆ ಒಳ್ಳೆಯದೆಂದು ಅವನ ಮನಸ್ಸಿಗೆ ಬಂದಿರಲೂಬಹುದು. ಬಾಲ್ಯಸ್ನೇಹದ ಒಳ್ಳೆಯ ಚಿತ್ರಗಳಲ್ಲೆಲ್ಲ ಇಂಥ ಮುಚ್ಚಿಟ್ಟ ಸಂಗತಿಯೊಂದು ಇರುತ್ತದೆ. ಮಕ್ಕಳು ದೊಡ್ಡವರಾಗುವುದು ಅದು ಗೆಳೆಯರಿಗೆ ತಿಳಿಯುವ ಗಳಿಗೆಯಲ್ಲಿ.

ಹಾಗಾಗಿ ಬೆಂಗಳೂರಿನ ಎಂಜಿನಿಯರ್ ಮಂಜ ಕಾರಿನಲ್ಲಿ ಊರಿಗೆ ಬಂದು ಹಳೆಯದನ್ನು ನೆನೆಯುವ ಮೊದಲ ನಾಲ್ಕು ಪುಟ ಬೇಡ. ರಾಬ್ ರೈನರ್ ಅವರ 1986ರ 'ಸ್ಟ್ಯಾಂಡ್ ಬೈ ಮಿ' ಚಿತ್ರದಲ್ಲೂ ದೊಡ್ಡವನಾದ ಲೇಖಕನೇ ಕತೆ ಹೇಳುವುದಲ್ಲವೇ ಎಂದು ನೀವು ಕೇಳಬಹುದು. ಅಲ್ಲಿ ಗೆಳೆಯನೊಬ್ಬ ತೀರಿಹೋದ ಸುದ್ದಿ ಅವನನ್ನು ಬರೆಯಲು ಕೂರಿಸುತ್ತದೆ, ಆ ಭಾರ ಇಡೀ ಚಿತ್ರದ ಮೇಲಿರುತ್ತದೆ. ನಿಮ್ಮ ಮಂಜನಿಗೆ ನೆನಪೊಂದು ಬಿಟ್ಟರೆ ಬೇರೆ ಕಾರಣವಿಲ್ಲ, ಮೇಲಾಗಿ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಅದಕ್ಕೇ ಹೋಗುತ್ತದೆ. ಪುಟಕ್ಕೊಂದು ನಿಮಿಷ ಎಂಬ ಅಂದಾಜಿನಲ್ಲಿ 34 ಪುಟ 18ಕ್ಕೆ ಇಳಿಯಬೇಕು. ಮಕ್ಕಳು ಕೆಲಸ ಮಾಡುವ ದೃಶ್ಯಗಳು ಬರೆದದ್ದಕ್ಕಿಂತ ಯಾವಾಗಲೂ ಉದ್ದವಾಗುತ್ತವೆ. ಕತೆ ಬೆಳಗ್ಗೆ ಶುರುವಾಗಿ ಅದೇ ರಾತ್ರಿ ಮುಗಿಯಲಿ. ಅಬ್ಬಾಸ್ ಕಿಯರೊಸ್ತಾಮಿ ಅವರ 1987ರ 'ಗೆಳೆಯನ ಮನೆ ಎಲ್ಲಿ?' ಚಿತ್ರದಲ್ಲಿ ಇರುವುದು ಇಷ್ಟೇ: ಹುಡುಗನೊಬ್ಬ ತಪ್ಪಿ ಗೆಳೆಯನ ನೋಟ್‌ಬುಕ್ ಮನೆಗೆ ತಂದುಬಿಟ್ಟಿದ್ದಾನೆ, ನಾಳೆ ಹೋಂವರ್ಕ್ ಬರೆದುಕೊಂಡು ಹೋಗದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಹಾಕುತ್ತಾರೆ. ಒಂದು ವಸ್ತು, ಒಂದು ಗಡುವು. ಊರಿನ ಎಲ್ಲ ಮಕ್ಕಳಿಗೂ ಅದನ್ನೊಮ್ಮೆ ತೋರಿಸಿ. ಸಬ್‌ಟೈಟಲ್ ಓದಲಾಗದವರಿಗೆ ನೀವೇ ಕನ್ನಡದಲ್ಲಿ ಹೇಳುತ್ತಾ ಹೋದರಾಯಿತು.

ಚಿತ್ರದುರ್ಗದ ಕೋಟೆಯ ದೃಶ್ಯ ತೆಗೆದುಹಾಕಿ. ಅದು ಅವರ ದಾರಿಯಲ್ಲೇ ಇಲ್ಲ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಚಿತ್ರೀಕರಣಕ್ಕೆ ಬೇರೆ ಅನುಮತಿಯೂ ಬೇಕು.

ಈಗ ಮಕ್ಕಳ ಆಯ್ಕೆ. ನೀವು ತೆಗೆದುಕೊಂಡಿರುವುದು ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಗೆದ್ದವರನ್ನು ಅನ್ನಿಸುತ್ತದೆ. ಚೆನ್ನಾಗಿ ಮಾತಾಡುವ ಮಗು ಇನ್ನೊಬ್ಬರ ಮಾತು ಮುಗಿಯುವುದನ್ನೇ ಕಾಯುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಕ್ಯಾಮೆರಾಕ್ಕೆ ಬೇಕಾದದ್ದು ಕೇಳಿಸಿಕೊಳ್ಳುವ ಮುಖ. ಲಗೋರಿ, ಚಿನ್ನಿದಾಂಡು ಆಡುವಾಗ ದೂರ ನಿಂತು ನೋಡಿ: ಔಟಾದ ಮೇಲೂ ಆಟ ಬಿಟ್ಟು ಹೋಗದೆ ನೋಡುತ್ತಾ ನಿಲ್ಲುವ ಮಗು ಯಾರು? ಅವರನ್ನು ಹಿಡಿಯಿರಿ. ಮಂಜ, ರೇಣುಕ ಈಗಾಗಲೇ ಪರಸ್ಪರ ಬಲ್ಲವರಾಗಿರಲಿ, ಒಂದೇ ಬೀದಿಯವರಾದರೆ ಇನ್ನೂ ಒಳ್ಳೆಯದು. ತಿಪ್ಪೇಶನನ್ನು ಬೇರೆ ಶಾಲೆಯಿಂದ ತನ್ನಿ. ಆ ಜೋಡಿಯೊಳಗೆ ಸೇರಲು ಅವನು ಪಡುವ ಹೆಣಗಾಟ ನಿಮಗೆ ಪುಕ್ಕಟೆ ಸಿಗುತ್ತದೆ.

ತಾಲೀಮಿಗೆ ಹತ್ತು ದಿನ ಇಡಿ, ಅದರಲ್ಲಿ ಮೊದಲ ಆರು ದಿನ ಸ್ಕ್ರಿಪ್ಟ್ ತೋರಿಸಲೇಬೇಡಿ. ರೈನರ್ ಕೂಡ ಚಿತ್ರೀಕರಣಕ್ಕೆ ಮುಂಚೆ ಸುಮಾರು ಎರಡು ವಾರ ತಮ್ಮ ಚಿತ್ರದ ನಾಲ್ಕು ಹುಡುಗರಿಗೆ ರಂಗಭೂಮಿಯ ಆಟಗಳನ್ನು ಆಡಿಸಿದ್ದರು. ಆಡಲಿ, ಪಂಕ್ಚರ್ ಹಾಕುವುದನ್ನು ನಿಜವಾಗಿಯೇ ಕಲಿಯಲಿ, ಡಬಲ್ ರೈಡ್ ಹೊಡೆಯಲಿ. ಏಳನೇ ದಿನ ಸನ್ನಿವೇಶ ಮಾತ್ರ ಹೇಳಿ, ಮಾತನ್ನು ಅವರೇ ಆಡಲಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಅದನ್ನೇ ಸಂಭಾಷಣೆಯಾಗಿ ಬರೆಯಿರಿ. ನಿಮ್ಮ ಸ್ಕ್ರಿಪ್ಟಿನ ಮಕ್ಕಳು ಪಠ್ಯಪುಸ್ತಕದ ಕನ್ನಡ ಆಡುತ್ತಾರೆ. ಹೊಸದುರ್ಗದ ಬೀದಿಯಲ್ಲಿ ಯಾವ ಮಗು "ನಾನು ಬರಲಾರೆ" ಅನ್ನುತ್ತದೆ? ಅಳುವ ದೃಶ್ಯಕ್ಕಾಗಿ ಯಾರನ್ನೂ ಹೆದರಿಸಬೇಡಿ, ಹೊಡೆಯಬೇಡಿ. ತಿಪ್ಪೇಶ ಬೆನ್ನು ತಿರುಗಿಸಿ ಪಂಪ್ ಒತ್ತುತ್ತಲೇ ಇರಲಿ, ಗಾಳಿ ತುಂಬಿದ ಮೇಲೂ ಒತ್ತಲಿ. ಕಣ್ಣೀರಿಗಿಂತ ಅದು ಹೆಚ್ಚು ಹೇಳುತ್ತದೆ.

ನಿಮ್ಮ ಪ್ರಯೋಗದಲ್ಲಿ ಕಂಡ ದೊಡ್ಡ ದೋಷ ಕ್ಯಾಮೆರಾದ್ದು. ಮಾತಾಡುವವರ ಮುಖಕ್ಕೇ ಒಂದೊಂದಾಗಿ ಹೋಗಿದ್ದೀರಿ. ಹಾಗೆ ಕತ್ತರಿಸಿದಾಗ ಮೂವರೂ ಬೇರೆ ಬೇರೆ ಊರಿನಲ್ಲಿ ಕೂತಂತೆ ಕಾಣುತ್ತದೆ. ಜಗಳದವರೆಗೂ ಮೂವರನ್ನೂ ಒಂದೇ ಚೌಕಟ್ಟಿನಲ್ಲಿಡಿ, ಒಬ್ಬರ ಭುಜ ಇನ್ನೊಬ್ಬರಿಗೆ ಅಡ್ಡ ಬಂದರೂ ಚಿಂತೆಯಿಲ್ಲ. ಜಗಳವಾದ ಮೇಲೆ ಮೊದಲ ಸಲ ಒಬ್ಬೊಬ್ಬರನ್ನೇ ತೋರಿಸಿ. ಅವರು ದೂರವಾದದ್ದು ಯಾರೂ ಹೇಳದೆಯೇ ತಿಳಿಯುತ್ತದೆ. ಫೋನ್ ಮಕ್ಕಳ ಕಣ್ಣಿನ ಎತ್ತರಕ್ಕೆ ಇರಲಿ, ನಿಂತಾಗ ನಾಲ್ಕೂಕಾಲು ನಾಲ್ಕೂವರೆ ಅಡಿ. ದೊಡ್ಡವರು ಎದೆಯ ಮಟ್ಟದಲ್ಲಿ ಹಿಡಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಎಂದು ಕಟ್ಟಿಹಾಕಿ, ಇಲ್ಲದಿದ್ದರೆ ನಮ್ಮ 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕುತ್ತದೆ. ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಮಕ್ಕಳು ಒಮ್ಮೆ ಮಾಡಿದಂತೆ ಮತ್ತೊಮ್ಮೆ ಮಾಡುವುದಿಲ್ಲ, ಆದ್ದರಿಂದ ಎರಡು ಫೋನ್ ಒಟ್ಟಿಗೆ ಓಡಲಿ. ನಾಲ್ಕನೇ ಟೇಕ್ ದಾಟಿದರೆ ದೃಶ್ಯವನ್ನೇ ಬದಲಿಸಿ. "ಆ್ಯಕ್ಷನ್" ಎಂದು ಕೂಗಿದೊಡನೆ ನಾಟಕ ಶುರುವಾಗುತ್ತದೆ. ಸುಮ್ಮನೆ ರೆಕಾರ್ಡ್ ಒತ್ತಿ, ಕೆಲಸ ನಡೆಯುತ್ತಿರುವಾಗಲೇ ಮಾತು ಬರಲಿ.

ಆಮೇಲೆ ಡಬ್ ಮಾಡಿಕೊಳ್ಳೋಣ ಎಂದುಕೊಳ್ಳಬೇಡಿ. ಮೈಕಿನ ಮುಂದೆ ಕೂತ ಮಗು ಮತ್ತೆ ಒಪ್ಪಿಸಲು ಶುರುಮಾಡುತ್ತದೆ. ಕಾಲರ್ ಮೈಕಿಗೆ ಗಾಳಿ ತಡೆಯುವ ತುಪ್ಪಳದ ಮುಚ್ಚು ಹಾಕಿ, ಗರಗರ ಸದ್ದು ಬರುವ ಪಾಲಿಯೆಸ್ಟರ್ ಅಂಗಿ ಬಿಟ್ಟು ಹತ್ತಿಯದು ಹಾಕಿಸಿ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಅರ್ಧ ನಿಮಿಷದ ಸದ್ದು ಹಿಡಿದುಕೊಳ್ಳಿ, ಕತ್ತರಿಸಿ ಜೋಡಿಸುವಾಗ ತೇಪೆಗೆ ಅದೇ ಬೇಕು.

ಬೇಸಿಗೆ ರಜೆಯ ಬದಲು ದಸರಾ ರಜೆ ಹಿಡಿಯಿರಿ. ಕತೆ ನಡೆಯುವುದು ಸೆಪ್ಟೆಂಬರಿನಲ್ಲಿ. ಮೇ ತಿಂಗಳ ಒಣ ಬಯಲಿನಲ್ಲಿ ಮಕ್ಕಳು ಕೋಡಿಯ ಮಾತಾಡಿದರೆ ಯಾರೂ ನಂಬುವುದಿಲ್ಲ. ಅಕ್ಟೋಬರಿನಲ್ಲಿ ರಾಗಿ ಹೊಲ ಹಸಿರಾಗಿರುತ್ತದೆ, ಆಷಾಢದ ಗಾಳಿಯೂ ಇಳಿದಿರುತ್ತದೆ. ದಿನಕ್ಕೆ ಮೂರು ನಾಲ್ಕು ನಿಮಿಷದ ಚಿತ್ರ ಸಿಕ್ಕರೆ ಆರು ದಿನ ಸಾಕು, ಮಳೆಗೆಂದು ಎರಡು ದಿನ ಹೆಚ್ಚು ಇಟ್ಟುಕೊಳ್ಳಿ. ಅರ್ಧ ಈ ರಜೆ, ಅರ್ಧ ಮುಂದಿನ ರಜೆ ಎಂದರೆ ಹುಡುಗರ ದನಿ ಒಡೆದಿರುತ್ತದೆ, ಎತ್ತರ ಬದಲಾಗಿರುತ್ತದೆ. ಚಿತ್ರೀಕರಣ ಮುಗಿಯುವವರೆಗೆ ಹರಕೆಯ ಮುಡಿ ಕೊಡಿಸಬೇಡಿ ಎಂದು ಮನೆಯವರಿಗೆ ಮೊದಲೇ ಹೇಳಿಬಿಡಿ.

ಕಾನೂನಿನ ವಿಷಯ ನಿಮ್ಮ ಪತ್ರದಲ್ಲಿ ಬಂದೇ ಇಲ್ಲ. 14 ವರ್ಷ ತುಂಬದ ಮಕ್ಕಳನ್ನು ಚಿತ್ರದಲ್ಲಿ ತೊಡಗಿಸಲು 2017ರ ಬಾಲಕಾರ್ಮಿಕ ನಿಯಮಗಳ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರ, ಅಂದರೆ ಜಿಲ್ಲಾಧಿಕಾರಿಯವರ ಅನುಮತಿ ಬೇಕು. 'ಸಿ' ನಮೂನೆಯಲ್ಲಿ ಮುಚ್ಚಳಿಕೆ ಬರೆದುಕೊಡಬೇಕು, ಅದು ಆರು ತಿಂಗಳು ನಡೆಯುತ್ತದೆ. ಮಗು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಾದರೂ ಜವಾಬ್ದಾರಿ ಹೊತ್ತವರು ಜೊತೆಗಿರಬೇಕು. ಸಂಭಾವನೆ ಕೊಟ್ಟರೆ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ಹೋಗಬೇಕು. ಮಗುವಿಗೆ ಇಷ್ಟವಿಲ್ಲದೆ ಮಾಡಿಸುವಂತಿಲ್ಲ. ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಆರು ಎಂದು ಇಟ್ಟುಕೊಂಡರೆ ನಿಯಮವೂ ಪಾಲನೆಯಾಗುತ್ತದೆ, ಬೆಳಕೂ ಚೆನ್ನಾಗಿರುತ್ತದೆ.

ಹೆದ್ದಾರಿಯಲ್ಲಿ ಲಾರಿ ಹತ್ತಿರ ಬರುವ ದೃಶ್ಯವನ್ನು ಹೆದ್ದಾರಿಯಲ್ಲಿ ತೆಗೆಯಲೇಬೇಡಿ. 'ಸ್ಟ್ಯಾಂಡ್ ಬೈ ಮಿ'ಯ ಸೇತುವೆಯ ಮೇಲೆ ಹುಡುಗರ ಬೆನ್ನಿಗೇ ಬಂದಂತೆ ಕಾಣುವ ರೈಲು ನಿಜಕ್ಕೂ ಬಹಳ ಹಿಂದಿತ್ತು. ದೂರದಿಂದ ಉದ್ದನೆಯ ಲೆನ್ಸ್ ಹಾಕಿ ತೆಗೆದದ್ದರಿಂದ ಅಂತರ ಕುಗ್ಗಿ ಕಂಡಿತು. ನಿಮ್ಮ ಫೋನಿನ 3ಎಕ್ಸ್ ಅಥವಾ 5ಎಕ್ಸ್ ಲೆನ್ಸಿನಿಂದ ತೋಟದ ದಾರಿಯಲ್ಲಿ ನಿಂತ ಲಾರಿಯನ್ನು ಇಟ್ಟುಕೊಂಡೇ ಇದನ್ನು ಮಾಡಬಹುದು.

ಉಳಿದದ್ದು ಕೋಡಿ. ನೀವು ಚಿತ್ರೀಕರಿಸುವ ದಿನ ಕೋಡಿ ಬಿದ್ದಿರುತ್ತದೆ ಎಂಬ ಭರವಸೆ ಇಲ್ಲ. ಬಿದ್ದಿದ್ದರೂ ಮಕ್ಕಳನ್ನು ಆ ನೀರಿನ ಹತ್ತಿರ ನಿಲ್ಲಿಸಬಾರದು. ಯಾರದೋ ಸುದ್ದಿ ವಿಡಿಯೊ ತಂದು ಅಂಟಿಸುವುದೂ ಬೇಡ. ಪಂಕ್ಚರ್ ಆದ ಮೇಲೆ ಅವರು ಅಣೆಕಟ್ಟೆಗೆ ತಲುಪದೇ ಇರಲಿ. ಸೈಕಲ್ ತಳ್ಳಿಕೊಂಡು ಹಿಂದಿರುಗುವಾಗ ತಿಪ್ಪೇಶ ಅವರನ್ನು ಬೇರೊಂದು ದಾರಿಗೆ ತಿರುಗಿಸುತ್ತಾನೆ, ದೊಡ್ಡಪ್ಪನ ತೋಟಕ್ಕೆ. ಹಿನ್ನೀರಿನಲ್ಲಿ ಮುಕ್ಕಾಲು ಮುಳುಗಿದ ತೆಂಗಿನ ಮರಗಳು ಸಿಗದಿದ್ದರೆ ಊರ ಕೆರೆಯಂಚಿನ ನಾಲ್ಕು ಮರ ಸಾಕು. ಕೋಡಿ ನೋಡಲು ಹೊರಟವರು ಅದೇ ನೀರನ್ನು ಇಲ್ಲಿ ನೋಡುತ್ತಾರೆ. ಆಗ ಮಂಜ "ಸಾರಿ ಕಣೋ" ಅನ್ನುವುದನ್ನು ದಯವಿಟ್ಟು ಬರೆಯಬೇಡಿ. ಅವನು ಏನು ಮಾಡುತ್ತಾನೆಂದು ತಾಲೀಮಿನ ಎಂಟನೇ ದಿನ ಆ ಹುಡುಗನನ್ನೇ ಕೇಳಿ.

ತಿದ್ದಿದ 18 ಪುಟ ಕಳುಹಿಸಿ, ಓದಿ ಬರೆಯುತ್ತೇವೆ. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಆಗಸ್ಟ್ ಒಳಗೆ ಹೋಗಲಿ.

— ಸಂಪಾದಕ