ಓದುಗರ ಪ್ರಶ್ನೆ: ಮರಳು ನೆಲ, ಆರು ಅಡಿಗೇ ನೀರು

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ಐದು ಗುಂಟೆ ಜಾಗ ತಗೊಂಡಿದ್ದೇವೆ. ಕಾಳಿ ನದಿ ಹತ್ತಿರ, ಕೆಳಗೆಲ್ಲ ಮರಳು, ಆರು ಅಡಿಗೇ ನೀರು. ಭೂಕಂಪವಾದರೆ ಇಂಥ ನೆಲ ನೀರಿನಂತಾಗುತ್ತದೆ, ಮಣ್ಣು ಪರೀಕ್ಷೆ ಮಾಡಿಸೋಣ ಎನ್ನುತ್ತಾನೆ ಮಗ. ಎರಡು ಅಡಿ ಕೆಂಪುಮಣ್ಣು ತುಂಬಿಸಿದರೆ ಸಾಕು, ಪರೀಕ್ಷೆ ಸುಮ್ನೆ ಖರ್ಚು ಎನ್ನುತ್ತಾರೆ ಕಂಟ್ರಾಕ್ಟರು. ಯಾರ ಮಾತು ಕೇಳಲಿ?

ಉತ್ತರ: ಮಗನ ಮಾತು ಕೇಳಿ. ಗಾಬರಿ ಬೇಡ, ಭೂಕಂಪ ತಾಳುವ ಕಟ್ಟಡಗಳಿಗಾಗಿ ಇರುವ ಭಾರತೀಯ ಮಾನದಂಡ ಐಎಸ್ 1893ರ 2016ರ ನಕ್ಷೆಯಲ್ಲಿ ಗುಜರಾತಿನ ಭುಜ್ ಅತಿ ಹೆಚ್ಚು ಅಪಾಯದ ವಲಯ 5ರಲ್ಲಿದೆ, ಕಾರವಾರ ವಲಯ 3ರಲ್ಲಿ. ಆದರೆ ನಿಮ್ಮ ಐದು ಗುಂಟೆಯ ಅಡಿಯಲ್ಲಿ ಏನಿದೆ ಎಂದು ನಕ್ಷೆ ಹೇಳುವುದಿಲ್ಲ. ಸದಾಶಿವಗಡದ ಗುಡ್ಡದ ಮೇಲಿನ ಮನೆಗೂ ನಿಮಗೂ ವಲಯ ಒಂದೇ, ಅಪಾಯ ಬೇರೆ.

ನೀರು ತುಂಬಿದ ಸಡಿಲ ಮರಳು ಜೋರಾಗಿ ಅಲುಗಿದರೆ ಕಣಗಳು ಒತ್ತಾಗಿ ಕೂರಲು ನೋಡುತ್ತವೆ, ನಡುವಿನ ನೀರಿಗೆ ಹೊರಗೆ ಹೋಗಲು ಸಮಯ ಸಿಗುವುದಿಲ್ಲ, ಒತ್ತಡ ಏರಿ ಕಣಕ್ಕೆ ಕಣದ ಆಸರೆಯೇ ತಪ್ಪುತ್ತದೆ. 1964ರಲ್ಲಿ ಜಪಾನಿನ ನೀಗಾಟಾದಲ್ಲಿ ಅಪಾರ್ಟ್‌ಮೆಂಟುಗಳು ಹೆಚ್ಚು ಒಡೆಯದೆ ಇಡಿಯಾಗಿ ವಾಲಿದ್ದು ಹೀಗೇ. ಕೆಂಪುಮಣ್ಣಿನಿಂದ ಅಂಗಳ ಎತ್ತರವಾಗುತ್ತದೆ, ಅಷ್ಟೇ. ಕೆಳಗಿನ ಮರಳು ಇದ್ದ ಹಾಗೇ ಇರುತ್ತದೆ.

ಗುಂಡಿ ತೋಡಿ ನೋಡಿದರೆ ಸಾಲದು, ಬೋರ್ ಹಾಕಿಸಿ ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಟೆಸ್ಟ್, ನೆಲ ಎಷ್ಟು ಗಟ್ಟಿ ಎಂದು ನೋಡುವ ಪರೀಕ್ಷೆ) ಮಾಡಿಸಿ. 63.5 ಕೆ.ಜಿ. ಸುತ್ತಿಗೆಯನ್ನು ಸುಮಾರು 75 ಸೆಂ.ಮೀ. ಎತ್ತರದಿಂದ ಬೀಳಿಸಿ ಕೊಳವೆಯನ್ನು 45 ಸೆಂ.ಮೀ. ಇಳಿಸುತ್ತಾರೆ, ಕೊನೆಯ 30ಕ್ಕೆ ಬಿದ್ದ ಪೆಟ್ಟುಗಳ ಲೆಕ್ಕವೇ ಎನ್ ವ್ಯಾಲ್ಯೂ. ನಮ್ಮ ವಲಯಕ್ಕೆ ಎನ್ 5 ಮೀಟರ್ ಆಳದವರೆಗೆ ಕನಿಷ್ಠ 15, 10 ಮೀಟರಿನಿಂದ ಕೆಳಗೆ ಕನಿಷ್ಠ 25 ಇರಬೇಕು ಎನ್ನುತ್ತದೆ 2016ರ ಐಎಸ್ 1893. ಇನ್ನೊಂದು, ಬೇಸಿಗೆಯಲ್ಲಿ ಬೋರ್ ಹಾಕಿದವರು ಆ ದಿನದ ನೀರಿನ ಮಟ್ಟವನ್ನೇ ಬರೆದುಬಿಡುತ್ತಾರೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಮಳೆಗಾಲದ ಮಟ್ಟ, ಅದನ್ನು ನೀವೇ ಕೇಳಿ ಬರೆಸಿ. ಎನ್ ಕಡಿಮೆ ಬಂದರೆ ಜಾಗ ಮಾರಬೇಕಿಲ್ಲ. ಮರಳನ್ನು ಬಿಗಿ ಮಾಡಿಸುವುದೋ, ಗಟ್ಟಿ ಪದರದವರೆಗೆ ಪೈಲ್ (ಆಳದ ಕಾಂಕ್ರೀಟ್ ಕಂಬ) ಇಳಿಸುವುದೋ, ಸಣ್ಣ ಮನೆಗೆ ರಾಫ್ಟ್ ಅಡಿಪಾಯ (ಇಡೀ ಮನೆಯ ಕೆಳಗೆ ಒಂದೇ ಕಾಂಕ್ರೀಟ್ ಹಾಸು) ಸಾಕೋ, ವರದಿ ನೋಡಿ ಎಂಜಿನಿಯರ್ ಹೇಳಲಿ.

ಪ್ರಶ್ನೆ: ಕುಮಟಾದ ನಮ್ಮ ಗಜನಿ ಗದ್ದೆಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಮರಳಿಲ್ಲ, ಬರೀ ಜೇಡಿ. ನಮಗೆ ಚಿಂತೆ ಇಲ್ಲ ಅಲ್ವಾ?

ಉತ್ತರ: ಅಂಟು ಜೇಡಿ ಮರಳಿನಂತೆ ದ್ರವವಾಗುವುದಿಲ್ಲ, ನಿಜ. ಆದರೆ ಮೆತ್ತನೆಯ ದಪ್ಪ ಪದರ ಅಲುಗಾಟವನ್ನು ಜಾಸ್ತಿ ಮಾಡುತ್ತದೆ. 1985ರ ಭೂಕಂಪದ ಕೇಂದ್ರದಿಂದ 350 ಕಿ.ಮೀ. ದೂರವಿದ್ದರೂ ಮೆಕ್ಸಿಕೋ ಸಿಟಿಯಲ್ಲಿ ಹಳೆಯ ಕೆರೆಯ ಜೇಡಿಯ ಮೇಲಿನ ಎತ್ತರದ ಕಟ್ಟಡಗಳು ಉರುಳಿದವು. ನಿಮ್ಮದು ಒಂದು ಮಹಡಿಯ ಮನೆಯಾದರೆ ಭೂಕಂಪಕ್ಕಿಂತ ಮೊದಲು ಭರ್ತಿ ಮಣ್ಣಿನ ಭಾರಕ್ಕೇ ನೆಲ ಕುಸಿಯದಂತೆ ನೋಡಿಕೊಳ್ಳಿ.