ತಮ್ಮನ ಮನಸ್ಸನ್ನು ರಕ್ತಪರೀಕ್ಷೆ ಹೇಳೀತೇ?

ಪ್ರಶ್ನೆ: 27 ವರ್ಷದ ನನ್ನ ತಮ್ಮ ಖಿನ್ನತೆಗೆ ಐದು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ; ಹೇಳಿಕೊಳ್ಳುವಂಥ ಗುಣ ಕಂಡಿಲ್ಲ. ಖಿನ್ನತೆಗೂ ದೇಹದೊಳಗಿನ ಉರಿಯೂತಕ್ಕೂ ನಂಟಿದೆಯೆಂದು ಎಲ್ಲೋ ಓದಿ, ತಾನೇ ಲ್ಯಾಬಿಗೆ ಹೋಗಿ ಉರಿಯೂತವನ್ನು ಅಳೆಯುವ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಿಕೊಂಡ. 7.2 ಬಂದಿದೆ. ಆ ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾನೆ. ‘ನನ್ನ ರೋಗ ರಕ್ತದಲ್ಲಿದೆ, ಈ ಮಾತ್ರೆಗಳಿಂದ ಏನೂ ಆಗದು’ ಎನ್ನುತ್ತಾನೆ. ಕಳೆದ ವಾರ ಬೈಕಿನ ಕೀಯನ್ನು ನನ್ನ ಮಗನ ಕೈಗಿಟ್ಟು ‘ಇನ್ನು ನನಗೆ ಬೇಡ’ ಎಂದ. ಅವನಿಗೆ ಸಾಯುವ ಯೋಚನೆ ಇದೆಯೇ ಎಂದು ತಿಳಿಯಲು ರಕ್ತಪರೀಕ್ಷೆ ಇದೆಯೇ?
– ಹೆಸರು, ಊರು ಬೇಡ

ಉತ್ತರ: ಅಂಥ ಪರೀಕ್ಷೆ ಇಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಒಂದೇ ಸಾಲಿನಲ್ಲಿ ದಾಟಿಹೋದ ಆ ಬೈಕಿನ ಕೀ. ತನಗೆ ಬೇಕಾದ ವಸ್ತುವನ್ನು ಹೀಗೆ ಬೇರೆಯವರಿಗೆ ಒಪ್ಪಿಸುವುದನ್ನು ಮನೋವೈದ್ಯರು ಎಚ್ಚರಿಕೆಯ ಲಕ್ಷಣವೆಂದೇ ಪರಿಗಣಿಸುತ್ತಾರೆ. ಇದನ್ನು ಓದಿದ ದಿನವೇ, ಬೇರೆ ಯಾರೂ ಇಲ್ಲದ ಹೊತ್ತು ನೋಡಿ ಅವನ ಪಕ್ಕ ಕುಳಿತು, ‘ಸಾಯಬೇಕು ಅನ್ನಿಸ್ತಿದೆಯೇನೋ?’ ಎಂದು ಸುತ್ತುಬಳಸದೆ ಕೇಳಿ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಹಳ ಜನರಿಗಿದೆ. ಹಾಗಾಗುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಹೌದೆಂದರೆ ಬೈಯಬೇಡಿ, ಅಮ್ಮನ ಮೇಲೆ ಆಣೆ ಹಾಕಿಸಬೇಡಿ, ಒಬ್ಬನನ್ನೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳು ಅವನ ಕೈಗೆ ಸಿಗದಂತೆ ಮಾಡಿ, ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಇನ್ನು ಆ ಹಾಳೆ. ನಿಮ್ಮ ತಮ್ಮ ಓದಿದ್ದು ಸುಳ್ಳಲ್ಲ. ದೇಹದಲ್ಲಿ ಉರಿಯೂತವಿದ್ದಾಗ ಯಕೃತ್ತು ಹೆಚ್ಚಾಗಿ ತಯಾರಿಸುವ ಪ್ರೋಟೀನು ಈ ಸಿಆರ್‌ಪಿ. ಖಿನ್ನತೆಯಿರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಲೀಟರಿಗೆ 3 ಮಿಲಿಗ್ರಾಮಿಗಿಂತ ಹೆಚ್ಚಿರುತ್ತದೆ. ಹೆಪಟೈಟಿಸ್ ಸಿ ರೋಗಕ್ಕೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದ ಕಾಲದಲ್ಲಿ, ಅದು ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸಿ, ಮೊದಲು ಖಿನ್ನತೆಯೇ ಇರದಿದ್ದ ಅನೇಕರನ್ನು ಖಿನ್ನತೆಗೆ ದೂಡಿದ್ದನ್ನು ವೈದ್ಯರು ಕಣ್ಣಾರೆ ಕಂಡರು. ಆತ್ಮಹತ್ಯೆಗೆ ಯತ್ನಿಸಿದವರ ಬೆನ್ನುಹುರಿಯ ದ್ರವದಲ್ಲಿ ಉರಿಯೂತದ ಸಂದೇಶ ಸಾಗಿಸುವ ಪ್ರೋಟೀನಾದ ಇಂಟರ್‌ಲ್ಯೂಕಿನ್-6 ಹೆಚ್ಚಿತ್ತೆಂದು ಸ್ವೀಡನ್ನಿನ ಸಂಶೋಧಕರು 2009ರಲ್ಲಿ ವರದಿ ಮಾಡಿದರು. ಇವೆಲ್ಲ ಗುಂಪಿನ ಸರಾಸರಿಯ ಮಾತು. ನೆಗಡಿ, ವಸಡಿನ ಸೋಂಕು, ಸಿಗರೇಟು, ಬೊಜ್ಜು, ಯಾವುದರಿಂದಲೂ ಸಿಆರ್‌ಪಿ ಏರಬಹುದು; ಸಾಯುವ ಯೋಚನೆಯಲ್ಲಿ ಬೇಯುತ್ತಿರುವವರ ರಿಪೋರ್ಟು ಪೂರ್ತಿ ಸರಿಯಾಗಿರುವುದೂ ಉಂಟು.

ಉರಿಯೂತ ತಗ್ಗಿಸಿದರೆ ಖಿನ್ನತೆ ಇಳಿದೀತೇ ಎಂದು ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ, ಮಾತ್ರೆಗಳಿಗೆ ಬಗ್ಗದ ಖಿನ್ನತೆಯ 60 ಜನರಲ್ಲಿ ಕೆಲವರಿಗೆ ಸಂಧಿವಾತದ ಔಷಧ ಇನ್‌ಫ್ಲಿಕ್ಸಿಮ್ಯಾಬನ್ನೂ ಉಳಿದವರಿಗೆ ಬರೀ ಸಲೈನನ್ನೂ ಕೊಟ್ಟು ನೋಡಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಒಟ್ಟಾರೆಯಾಗಿ ಔಷಧವು ಸಲೈನಿಗಿಂತ ಮೇಲೆನಿಸಲಿಲ್ಲ. ಸಿಆರ್‌ಪಿ 5ಕ್ಕಿಂತ ಹೆಚ್ಚಿದ್ದವರಲ್ಲಿ ಮಾತ್ರ ಉಪಯೋಗದ ಸುಳಿವು ಕಂಡಿತು. 7.2 ನೋಡಿ ನಿಮ್ಮ ತಮ್ಮ ಅದಕ್ಕೆ ಜೋತುಬಿದ್ದಿರುವುದು ನನಗೆ ಅರ್ಥವಾಗುತ್ತದೆ, ಆದರೆ ಆ ಸುಳಿವು ರೂಢಿಯ ಚಿಕಿತ್ಸೆಯಾಗಿ ಬೆಳೆದಿಲ್ಲ. ಅದನ್ನೇ ನಂಬಿ ಈಗಿನ ಮಾತ್ರೆಯನ್ನು ತಾನಾಗಿ ನಿಲ್ಲಿಸಿದರೆ ಅಪಾಯ.

ಹಾಗೆಂದು ಆ ಕಾಗದವನ್ನು ಅವನಿಂದ ಕಸಿಯಬೇಡಿ. ‘ಮನಸ್ಸು ಗಟ್ಟಿ ಮಾಡ್ಕೊ’ ಎಂದು ಈ ಐದು ತಿಂಗಳಲ್ಲಿ ಅವನಿಗೆ ಎಷ್ಟು ಜನ ಹೇಳಿದ್ದಾರೋ. ತನ್ನದು ಸೋಮಾರಿತನವಲ್ಲ, ದೇಹವೂ ಸೇರಿಕೊಂಡಿರುವ ಕಾಯಿಲೆ ಎಂಬುದಕ್ಕೆ ಸಾಕ್ಷಿಯಾಗಿ ಅವನು ಅದನ್ನು ಜೇಬಿನಲ್ಲಿಟ್ಟುಕೊಂಡಿರುವಂತೆ ನನಗೆ ತೋರುತ್ತದೆ. ಇದು ಸೋಮಾರಿತನವಲ್ಲ, ಕಾಯಿಲೆ ಎಂಬುದು ನಿಜವೆಂದು ನೀವು ಬಾಯಿಬಿಟ್ಟು ಹೇಳಿ. ವೈದ್ಯರು ಸೋಂಕು, ವಸಡು, ಥೈರಾಯ್ಡ್ ವಿಚಾರಿಸಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬಹುದು. ಐದು ತಿಂಗಳಾದರೂ ಗುಣ ಕಾಣದ ಮಾತ್ರೆಯನ್ನು ಬದಲಿಸುವ ದಾರಿಗಳೂ ಅವರಲ್ಲಿವೆ. ನೀವೂ ಅವನ ಜೊತೆಗೆ ಒಳಗೆ ಹೋಗಿ, ಮೊದಲು ಬೈಕಿನ ಕೀಯ ವಿಷಯ ಹೇಳಿ. ರಿಪೋರ್ಟನ್ನು ಅವನೇ ತೆಗೆದು ತೋರಿಸಲಿ.